ಹೃದಯದ ಆಪರೇಷನ್ ಆಯಿತು, ಮುಂದೇನು?

ಅಕ್ಕತಂಗಿಯರೇ, ನಿಮ್ಮ ಕೈಯನ್ನು ಮುಷ್ಟಿ ಮಾಡಿ ನೋಡಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಎದೆಯ ನಡುವೆ, ಸ್ವಲ್ಪ ಎಡಕ್ಕೆ ವಾಲಿಕೊಂಡು ಇದೆ. ಒಂದು ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ದಿನದ ಲೆಕ್ಕ ಹಾಕಿದರೆ ಸುಮಾರು 1 ಲಕ್ಷ ಸಲ. ನಾವು ಮಲಗಿದರೂ ಅದಕ್ಕೆ ರಜೆ ಇಲ್ಲ. ಹೆಂಗಸರ ಕೆಲಸದ ಹಾಗೇ ಅನ್ನಿ.

ಇಂಥ ಹೃದಯಕ್ಕೂ ಕಾಯಿಲೆ ಬರುತ್ತದೆ. ಕೆಲವರಿಗೆ ಹೃದಯಕ್ಕೆ ರಕ್ತ ಕೊಡುವ ನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುತ್ತದೆ. ಆಗ ಬೈಪಾಸ್ ಆಪರೇಷನ್ ಮಾಡುತ್ತಾರೆ. ಇನ್ನು ಕೆಲವರಿಗೆ ಹೃದಯದ ಒಳಗಿನ ಬಾಗಿಲುಗಳು ಕೆಡುತ್ತವೆ. ಇವಕ್ಕೆ ವಾಲ್ವು ಅನ್ನುತ್ತಾರೆ. ಚಿಕ್ಕವರಿದ್ದಾಗ ಗಂಟಲು ನೋವು, ಜ್ವರ, ಕೀಲು ನೋವು ಬಂದು, ಸರಿಯಾದ ಔಷಧಿ ಸಿಗದೆ ಹೋದರೆ ಮುಂದೆ ವಾಲ್ವು ಕೆಡಬಹುದು. ಬಡವರ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಆಗ ಹಳೇ ವಾಲ್ವು ತೆಗೆದು ಹೊಸದು ಹಾಕುತ್ತಾರೆ.

ಈಗ ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ ಸರ್ಕಾರದ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. 2018ರಿಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಬಂದಿದೆ. ಬಿ.ಪಿ.ಎಲ್. ಕಾರ್ಡು ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವು ಸಿಗುತ್ತದೆ. ಹಾಗಾಗಿ ಹಳ್ಳಿ ಹಳ್ಳಿಯಲ್ಲೂ "ನಮ್ಮೋರಿಗೆ ಹಾರ್ಟ್ ಆಪರೇಷನ್ ಆಯ್ತು" ಅನ್ನುವ ಮಾತು ಕೇಳುತ್ತೇವೆ. ಆದರೆ ಮನೆಗೆ ಬಂದ ಮೇಲೆ ಏನು ಮಾಡಬೇಕು? ಎಷ್ಟು ನಡೀಬೇಕು? ಯಾವಾಗ ಒಲೆ ಮುಂದೆ ಹೋಗಬಹುದು? ಇದನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಆಪರೇಷನ್ ಡಾಕ್ಟರ ಕೆಲಸ. ಆಮೇಲಿನದು ರೋಗಿಯ ಕೆಲಸ, ಮನೆಯವರ ಕೆಲಸ. ಅದರ ಬಗ್ಗೆ ಈಗ ಓದೋಣ.

ಮಲಗಿದರೆ ವಾಸಿಯಾಗುತ್ತದೆಯೇ?

"ಆಪರೇಷನ್ ಆಗಿದೆ, ಅಲುಗಾಡಬೇಡ, ಸುಮ್ನೆ ಮಲಕ್ಕೋ." ಹೀಗೆ ಹೇಳುವುದು ನಮ್ಮಲ್ಲಿ ರೂಢಿ. ಪ್ರೀತಿಯಿಂದಲೇ ಹೇಳುತ್ತಾರೆ. ಹಿಂದೆ ಡಾಕ್ಟರುಗಳೂ ಹೀಗೇ ಹೇಳುತ್ತಿದ್ದರು. ಹೃದಯಾಘಾತ ಆದವರನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಲು ಬಿಡುತ್ತಿರಲಿಲ್ಲ. 1950ರ ಸುಮಾರಿಗೆ ಅಮೆರಿಕದ ಬಾಸ್ಟನ್ ನಗರದಲ್ಲಿ ಸ್ಯಾಮ್ಯುಯಲ್ ಲೆವಿನ್, ಬರ್ನಾರ್ಡ್ ಲೌನ್ ಎಂಬ ಇಬ್ಬರು ಡಾಕ್ಟರುಗಳು ಇದನ್ನು ಬದಲಿಸಿದರು. ರೋಗಿಗಳನ್ನು ಬೇಗನೆ ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಬೇರೆಯವರು ಹೆದರಿದರು. ಆದರೆ ಕುರ್ಚಿಯಲ್ಲಿ ಕೂತವರು ಚೆನ್ನಾಗೇ ಚೇತರಿಸಿಕೊಂಡರು.

ಬರೀ ಮಲಗಿದರೆ ಏನಾಗುತ್ತದೆ ಗೊತ್ತೇ? ಕಾಲಿನ ಶಕ್ತಿ ದಿನದಿನಕ್ಕೂ ಕರಗುತ್ತದೆ. ಮೀನಖಂಡದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಎದೆಯಲ್ಲಿ ಕಫ ತುಂಬುತ್ತದೆ. ಅದಕ್ಕೇ ಈಗ ಆಪರೇಷನ್ ಆದ ಮಾರನೇ ದಿನವೇ ರೋಗಿಯನ್ನು ಕೂರಿಸಲು ನೋಡುತ್ತಾರೆ. ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಯವರು ಇರುತ್ತಾರೆ. ಫಿಜಿಯೋಥೆರಪಿ ಅಂದರೆ ಮಾತ್ರೆಯೂ ಅಲ್ಲ, ಸೂಜಿಯೂ ಅಲ್ಲ. ಉಸಿರಾಟ, ಕೈಕಾಲು ಆಡಿಸುವುದು, ಕೂರುವುದು, ನಡೆಯುವುದು, ಇವುಗಳಿಂದಲೇ ಮೈಗೆ ಮತ್ತೆ ಬಲ ತರುವ ಚಿಕಿತ್ಸೆ. "ನೋವಲ್ಲಿ ಇರೋರನ್ನ ನಡೆಸ್ತಾರಲ್ಲ, ಇವರಿಗೆ ಕರುಣೆ ಇಲ್ವಾ" ಎಂದು ಎಷ್ಟೋ ಮಂದಿ ಬೈದುಕೊಳ್ಳುತ್ತಾರೆ. ಬೈಯಬೇಡಿ. ಅವರು ಮಾಡುವುದು ಸರಿ.

ಮೂರು ಚೆಂಡಿನ ಡಬ್ಬಿ

ಮೊದಲ ಪಾಠ ಉಸಿರಿನದು. ಕಮ್ಮಾರನ ತಿದಿ ನೋಡಿದ್ದೀರಿ. ಅದು ಪೂರ್ತಿ ಉಬ್ಬಿದರೆ ತಾನೇ ಬೆಂಕಿಗೆ ಗಾಳಿ? ನಮ್ಮ ಶ್ವಾಸಕೋಶವೂ ಹಾಗೆಯೇ. ಆಪರೇಷನ್ ಮಾಡುವಾಗ ಎಷ್ಟೋ ಸಲ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಆಗ ಹೃದಯದ ಕೆಲಸ, ಶ್ವಾಸಕೋಶದ ಕೆಲಸ ಎರಡನ್ನೂ ಒಂದು ಯಂತ್ರ ಮಾಡುತ್ತದೆ. ಆ ಹೊತ್ತಿನಲ್ಲಿ ಶ್ವಾಸಕೋಶ ಗಾಳಿ ಇಲ್ಲದೆ ಮುದುಡಿ ಬಿದ್ದಿರುತ್ತದೆ. ಎಚ್ಚರವಾದ ಮೇಲೆ ಎದೆ ನೋವು. ನೋವಿಗೆ ಹೆದರಿ ರೋಗಿ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಾಳೆ. ಶ್ವಾಸಕೋಶದ ಕೆಳಭಾಗ ಮುದುಡಿಕೊಂಡೇ ಉಳಿಯುತ್ತದೆ. ಅಲ್ಲಿ ಕಫ ಸೇರಿ ನ್ಯುಮೋನಿಯಾ ಆಗುತ್ತದೆ.

ಇದನ್ನು ತಪ್ಪಿಸಲು ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಅದರಲ್ಲಿ ಮೂರು ಬಣ್ಣದ ಚೆಂಡು ಇರುತ್ತವೆ. ಒಂದು ಕೊಳವೆ ಇರುತ್ತದೆ. ಇದಕ್ಕೆ ಸ್ಪೈರೋಮೀಟರ್ ಎಂದು ಹೆಸರು. ಇಲ್ಲೊಂದು ಮಾತು ಚೆನ್ನಾಗಿ ನೆನಪಿಡಿ. ಕೊಳವೆಯನ್ನು ಊದಬಾರದು, ಎಳೆಯಬೇಕು. ಒಲೆ ಊದಿ ಊದಿ ಅಭ್ಯಾಸವಾದ ನಮಗೆ ಕೊಳವೆ ಕಂಡ ಕೂಡಲೇ ಊದುವ ಮನಸ್ಸಾಗುತ್ತದೆ. ಬಹಳ ಮಂದಿ ಹಾಗೇ ಮಾಡುತ್ತಾರೆ. ಎಳನೀರನ್ನು ಕೊಳವೆಯಲ್ಲಿ ಹೀರುವುದಿಲ್ಲವೇ, ಹಾಗೆ ಗಾಳಿಯನ್ನು ಒಳಗೆ ಎಳೆಯಬೇಕು. ಡಬ್ಬಿ ನೆಟ್ಟಗೆ ಹಿಡಿಯಿರಿ. ಮೊದಲು ಉಸಿರು ಹೊರಗೆ ಬಿಡಿ. ಆಮೇಲೆ ಕೊಳವೆ ಬಾಯಲ್ಲಿಟ್ಟು ನಿಧಾನಕ್ಕೆ, ದೀರ್ಘವಾಗಿ ಎಳೆಯಿರಿ. ಚೆಂಡು ಮೇಲೇರುತ್ತದೆ. ಎರಡು ಮೂರು ಸೆಕೆಂಡು ತಡೆದು ಬಿಡಿ. ಮೊದಲ ದಿನ ಒಂದೇ ಚೆಂಡು ಏರಿದರೂ ಸಾಕು. ಮೂರನ್ನೂ ಏರಿಸಲೇಬೇಕು ಅಂತ ಹಟ ಬೇಡ. ಎಚ್ಚರ ಇರುವಾಗ ಗಂಟೆಗೆ 10 ಸಲ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ, ಸುಧಾರಿಸಿಕೊಂಡು ಮತ್ತೆ ಮಾಡಿ.

ಇನ್ನು ಕೆಮ್ಮು. ಕೆಮ್ಮಿದರೆ ಹೊಲಿಗೆ ಬಿಚ್ಚಿಹೋಗುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಬಿಚ್ಚುವುದಿಲ್ಲ. ಕಫ ಒಳಗೇ ಉಳಿದರೆ ಹೆಚ್ಚು ತೊಂದರೆ. ಒಂದು ದಿಂಬನ್ನೋ ಮಡಿಸಿದ ಟವೆಲನ್ನೋ ಎದೆಗೆ ಅಪ್ಪಿಕೊಳ್ಳಿ. ಮಗುವನ್ನು ಅಪ್ಪಿಕೊಂಡ ಹಾಗೆ ಬಿಗಿಯಾಗಿ ಹಿಡಿಯಿರಿ. ಆಮೇಲೆ ಕೆಮ್ಮಿ. ನೋವು ಅರ್ಧ ಕಡಿಮೆ. ಸೀನು ಬಂದರೂ, ನಗು ಬಂದರೂ ಹೀಗೇ ದಿಂಬು ಅಪ್ಪಿಕೊಳ್ಳಿ. ನೋವಿನ ಮಾತ್ರೆ ಕೊಟ್ಟಿದ್ದರೆ ತಪ್ಪಿಸಬೇಡಿ. ನೋವು ತಡೆದುಕೊಳ್ಳುವುದು ಹೆಂಗಸಿನ ಧರ್ಮ ಎಂದು ನಮಗೆ ಹೇಳಿಕೊಟ್ಟುಬಿಟ್ಟಿದ್ದಾರೆ. ಆಪರೇಷನ್ ಆದವರಿಗೆ ಆ ಮಾತು ಬೇಡ. ನೋವು ತಡೆದುಕೊಂಡು ಮಲಗಿದವರು ಉಸಿರು ಎಳೆಯುವುದೂ ಇಲ್ಲ, ಕೆಮ್ಮುವುದೂ ಇಲ್ಲ.

ಎದೆಯ ಮೂಳೆ

ಹೃದಯ ಮುಟ್ಟಬೇಕಾದರೆ ಎದೆಯ ನಡುವಿನ ಚಪ್ಪಟೆ ಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕೆಲಸ ಮುಗಿದ ಮೇಲೆ ಎರಡೂ ಹೋಳನ್ನು ಕೂಡಿಸಿ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ಆ ತಂತಿ ಒಳಗೇ ಉಳಿಯುತ್ತದೆ. ಕೈ ಮೂಳೆ ಮುರಿದರೆ ಪ್ಲಾಸ್ಟರ್ ಹಾಕುತ್ತಾರಲ್ಲ? ಎದೆಗೆ ಹಾಗೆ ಹಾಕಲಾಗದು. ಉಸಿರಾಡಬೇಕಲ್ಲ! ಹಾಗಾಗಿ ನಮ್ಮ ಎಚ್ಚರಿಕೆಯೇ ಇಲ್ಲಿ ಪ್ಲಾಸ್ಟರ್. ಮೂಳೆ ಕೂಡಲು 6ರಿಂದ 8 ವಾರ ಬೇಕು. ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ತಡವಾಗಬಹುದು.

ಹಾಸಿಗೆಯಿಂದ ಏಳುವಾಗ ಕೈ ಊರಿ ಎದ್ದರೆ ಎದೆ ಎಳೆಯುತ್ತದೆ. ಮೊದಲು ಮಂಡಿ ಮಡಿಸಿ. ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಿ. ಕಾಲಿನ ಭಾರಕ್ಕೆ ಮೈ ತಾನಾಗಿ ಮೇಲೇಳುತ್ತದೆ. ಜೊತೆಗಿರುವವರು ಬೆನ್ನಿನ ಹಿಂದೆ, ಹೆಗಲಿಗೆ ಕೈ ಕೊಟ್ಟು ಆಸರೆಯಾಗಬೇಕು. ಕೈ ಹಿಡಿದು ಜಗ್ಗಬಾರದು. ಕಂಕುಳಿಗೆ ಕೈ ಹಾಕಿ ಎತ್ತಬಾರದು. ಇದನ್ನು ಮನೆಯ ಗಂಡಸರಿಗೆ ತೋರಿಸಿಕೊಡಿ. ಅವರು ಸಹಾಯ ಮಾಡಲು ಹೋಗಿ ಜಗ್ಗುವುದೇ ಹೆಚ್ಚು.

ಮಲಗಿದಾಗ, ಕೂತಾಗ ಕಾಲಿನ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಹೊಲಿಗೆ ಮಿಷನ್ ತುಳಿದ ಹಾಗೆ. ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ. ಬೈಪಾಸ್ ಆದವರಿಗೆ ಸಾಮಾನ್ಯವಾಗಿ ಕಾಲಿನ ಒಂದು ರಕ್ತನಾಳ ತೆಗೆದು ಹೃದಯಕ್ಕೆ ಹಾಕಿರುತ್ತಾರೆ. ಆ ಕಾಲು ಊದಿಕೊಳ್ಳುತ್ತದೆ. ಕೂತಾಗ ಸ್ಟೂಲಿನ ಮೇಲೆ ಕಾಲು ಚಾಚಿ. ಚಕ್ಕಳಮಕ್ಕಳ ಹಾಕಿ ಕೂರಬೇಡಿ. ಪಾಯಖಾನೆಗೆ ಕುಕ್ಕರಗಾಲಲ್ಲಿ ಕೂತು ಏಳುವುದೂ ಕಷ್ಟ. ನಡುವೆ ತೂತು ಮಾಡಿದ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡರೆ ಸಾಕು. ಮುಕ್ಕಬಾರದು. ಮಲಬದ್ಧತೆ ಇದ್ದರೆ ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ನಾಚಿಕೆಯ ಮಾತು ಬಂತು. ಎದೆಯ ಗಾಯ ಅಂದರೆ ಹೆಂಗಸರಿಗೆ ಸಂಕೋಚ. ಸೆರಗು ಹೊದ್ದು, ಹೆಗಲು ಮುಂದಕ್ಕೆ ಬಗ್ಗಿಸಿ, ಗೂನು ಮಾಡಿಕೊಂಡು ಕೂರುತ್ತೇವೆ. ಹಾಗೆ ಕೂತರೆ ಹೆಗಲು ಬಿಗಿದುಕೊಳ್ಳುತ್ತದೆ, ಉಸಿರೂ ಚಿಕ್ಕದಾಗುತ್ತದೆ. ಬೆನ್ನು ನೆಟ್ಟಗಿಟ್ಟು ಕೂರಿ. ಹೆಗಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಎರಡೂ ಕೈ ಒಟ್ಟಿಗೆ, ನೋವಾಗದಷ್ಟು ಮಾತ್ರ ಮೇಲೆತ್ತಿ. ನಿಮ್ಮ ತಲೆ ನೀವೇ ಬಾಚಿಕೊಳ್ಳಬಹುದು. ಮೊಲೆಯ ಭಾರಕ್ಕೆ ಗಾಯ ಜಗ್ಗುತ್ತದೆ. ಆದ್ದರಿಂದ ಮುಂದೆ ಕೊಂಡಿ ಇರುವ, ಮೆತ್ತನೆ ಹತ್ತಿಯ ಒಳಉಡುಪು ಹಾಕಿಕೊಳ್ಳಿ. ಇದನ್ನು ಆಸ್ಪತ್ರೆಯಲ್ಲಿ ಯಾರೂ ಹೇಳದೆ ಹೋಗಬಹುದು. ನೀವೇ ಕೇಳಿ. ಫಿಜಿಯೋಥೆರಪಿಯವರು ಗಂಡಸಾಗಿದ್ದು ನಿಮಗೆ ಮುಜುಗರ ಅನಿಸಿದರೆ, ನರ್ಸಮ್ಮನನ್ನೋ ಮಗಳನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ವ್ಯಾಯಾಮ ಮಾತ್ರ ಬಿಡಬೇಡಿ.

ಎಷ್ಟು ನಡೆಯಬೇಕು?

ಮಾರನೇ ದಿನ ಮಂಚದ ಅಂಚಿನಲ್ಲಿ, ಆಮೇಲೆ ಕುರ್ಚಿಯಲ್ಲಿ ಕೂರುವುದು. ಎರಡು ಮೂರನೇ ದಿನ ಕೋಣೆಯಲ್ಲಿ ನಾಲ್ಕು ಹೆಜ್ಜೆ. ಆಮೇಲೆ ವಾರ್ಡಿನ ಉದ್ದಕ್ಕೆ. ಮನೆಗೆ ಕಳಿಸುವ ಮೊದಲು ಕೆಲವು ಮೆಟ್ಟಿಲು ಹತ್ತಿಸಿ ನೋಡುತ್ತಾರೆ. ಎಲ್ಲ ಸರಿಯಾಗಿದ್ದರೆ ಸುಮಾರು ಒಂದು ವಾರಕ್ಕೆ ಮನೆ. ಕೆಲವರಿಗೆ ಹೆಚ್ಚು ದಿನ ಬೇಕು. ಪಕ್ಕದ ಹಾಸಿಗೆಯವರ ಜೊತೆ ಹೋಲಿಸಿಕೊಳ್ಳುವುದು ಬೇಡ.

ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಒಂದೊಂದು ಸಲಕ್ಕೆ 5 ನಿಮಿಷ ನಡೆಯಿರಿ. ಸಮತಟ್ಟಾದ ಜಾಗ ಇರಲಿ. ದಿನಕ್ಕೆ ಒಂದೆರಡು ನಿಮಿಷ ಹೆಚ್ಚಿಸಿ. ಆರು ವಾರ ಆಗುವಷ್ಟರಲ್ಲಿ ಒಂದೇ ಸಲಕ್ಕೆ 30 ನಿಮಿಷ ನಡೆಯುವಂತೆ ಆಗಬೇಕು. ಉಂಡ ಕೂಡಲೇ ಬೇಡ. ಸುಡು ಬಿಸಿಲಲ್ಲಿ ಬೇಡ.

ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುವುದು ಹೇಗೆ? ನಡೆಯುತ್ತಾ ಜೊತೆಗಾರ್ತಿಯ ಹತ್ತಿರ ಮಾತಾಡಿ ನೋಡಿ. ಮಾತು ಸಲೀಸಾಗಿ ಬಂದರೆ ನಡಿಗೆ ಸರಿಯಾಗಿದೆ. ಮಾತಿನ ನಡುವೆ ಏದುಸಿರು ಬಂದರೆ ನಡಿಗೆ ಜೋರಾಯಿತು. ಇನ್ನೊಂದು ದಾರಿ ನಾಡಿ ಎಣಿಸುವುದು. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಕಡೆ, ಎರಡು ಬೆರಳಿಟ್ಟು ನೋಡಿ. ಹೆಬ್ಬೆರಳಿಂದ ನೋಡಬಾರದು, ಅದರಲ್ಲೇ ಮಿಡಿತ ಇರುತ್ತದೆ. ಗಡಿಯಾರ ನೋಡಿಕೊಂಡು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಕೂತಾಗ 85 ಇದ್ದದ್ದು ನಡೆದ ಮೇಲೆ 115 ದಾಟಬಾರದು. ಅಂದರೆ 30ಕ್ಕಿಂತ ಹೆಚ್ಚು ಏರಬಾರದು, ಮೊದಮೊದಲು. ಕೆಲವರಿಗೆ ನಾಡಿ ಏರದಂತೆ ತಡೆಯುವ ಮಾತ್ರೆ ಕೊಟ್ಟಿರುತ್ತಾರೆ. ಅವರಿಗೆ ಮಾತಿನ ಪರೀಕ್ಷೆಯೇ ಒಳ್ಳೆಯದು.

ಈ ಲೆಕ್ಕವನ್ನು ಒಂದು ನೋಟು ಪುಸ್ತಕದಲ್ಲಿ ಬರೆಯಿರಿ. ತಾರೀಕು, ನಡೆದ ನಿಮಿಷ, ನಾಡಿ. ಮೂರೇ ಕಾಲಂ. ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ಅಕ್ಕ ತನ್ನ ಗಂಡನಿಗೆ ಬೈಪಾಸ್ ಆದಾಗ ಹೀಗೆ ಬರೆದಿಟ್ಟಿದ್ದಳು. ಅಕ್ಷರ ಸೊಟ್ಟಗಿದ್ದವು. ಅಂಕಿ ಸರಿಯಾಗಿದ್ದವು. ಚೆಕಪ್ಪಿಗೆ ಹೋದಾಗ ಡಾಕ್ಟರು ಆ ಪುಸ್ತಕವನ್ನೇ ತಿರುವಿ ನೋಡಿ ಮಾತ್ರೆಯ ಪ್ರಮಾಣ ಬದಲಿಸಿದರು.

ಗಂಡಸಿಗೊಂದು, ಹೆಂಗಸಿಗೊಂದು

ಈಗ ಒಂದು ಮಾತನ್ನು ನೇರವಾಗಿ ಹೇಳುತ್ತೇವೆ. ನಾವು ಹಲವು ಮನೆಗಳಲ್ಲಿ ಕಂಡದ್ದು ಇದು. ಮನೆಯ ಯಜಮಾನನಿಗೆ ಆಪರೇಷನ್ ಆದರೆ ವರ್ಷವಾದರೂ ಅವನನ್ನು ಏಳಲು ಬಿಡುವುದಿಲ್ಲ. ಕಾಫಿ ಲೋಟವೂ ಕೂತಲ್ಲಿಗೇ ಬರುತ್ತದೆ. ಅವನು ನಡೆಯದೆ ದಪ್ಪಗಾಗುತ್ತಾನೆ, ಬಲ ಕಳೆದುಕೊಳ್ಳುತ್ತಾನೆ. ಅದೇ ಮನೆಯ ಹೆಂಗಸಿಗೆ ಆಪರೇಷನ್ ಆದರೆ? ಹದಿನೈದು ದಿನಕ್ಕೆ ಒಲೆ ಮುಂದೆ ಇರುತ್ತಾಳೆ. "ಓಡಾಡಿಕೊಂಡು ಇರಲಿ ಅಂತ ಡಾಕ್ಟರೇ ಹೇಳಿದ್ದಾರಲ್ಲ, ನೀರು ತರಲಿ ಬಿಡು" ಅನ್ನುತ್ತಾರೆ. ನಡೆಯುವುದು ಬೇರೆ, ಭಾರ ಹೊರುವುದು ಬೇರೆ. ಇದು ಇಡೀ ಮನೆಗೆ ಗೊತ್ತಿರಬೇಕು.

ಮೊದಲ 6ರಿಂದ 8 ವಾರ 2-3 ಕಿಲೋಗಿಂತ ಹೆಚ್ಚು ಭಾರ ಎತ್ತಬಾರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟು ಹೇಳಿದ್ದಾರೋ ಅದನ್ನೇ ಪಾಲಿಸಿ. ಈಗ ನಮ್ಮ ಕೆಲಸಗಳನ್ನು ತೂಗಿ ನೋಡೋಣ. ಒಂದು ಲೀಟರು ನೀರು ಒಂದು ಕಿಲೋ. 15 ಲೀಟರಿನ ಕೊಡ ಅಂದರೆ 15 ಕಿಲೋ, ಕೊಡದ ತೂಕ ಬೇರೆ. ಒಂದು ವರ್ಷದ ಮಗು 8-9 ಕಿಲೋ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ. ಇವು ಯಾವುದನ್ನೂ ಮುಟ್ಟುವಂತಿಲ್ಲ. ಮಗು ಅಳುತ್ತಿದ್ದರೆ ನೀವು ಕೂತುಕೊಳ್ಳಿ, ಬೇರೆಯವರು ಎತ್ತಿ ಮಡಿಲಿಗೆ ಕೊಡಲಿ.

ಭಾರ ಮಾತ್ರ ಅಲ್ಲ, ಎಳೆತವೂ ಕೆಟ್ಟದ್ದೇ. ಬಾವಿಯಿಂದ ನೀರು ಸೇದುವುದು, ಬೋರಿನ ಕೈಪಂಪು ಹೊಡೆಯುವುದು, ಒದ್ದೆ ಸೀರೆ ಹಿಂಡುವುದು, ಬಟ್ಟೆ ಕುಕ್ಕುವುದು, ಸೌದೆ ಸೀಳುವುದು, ರುಬ್ಬುವುದು. ಮುದ್ದೆ ತಿರುವುವುದನ್ನು ಜನ ಲೆಕ್ಕಕ್ಕೇ ತರುವುದಿಲ್ಲ. ನಾಲ್ಕು ಜನರ ಹಿಟ್ಟನ್ನು ಕೋಲಿನಿಂದ ತಿರುವಿ ನೋಡಿ, ಎದೆ ಎಷ್ಟು ಬಿಗಿಯುತ್ತದೆ ಅಂತ. ಉತ್ತರದ ಕಡೆ ಜೋಳದ ರೊಟ್ಟಿ ಬಡಿಯುವುದೂ ಹಾಗೇ. ಇವೆಲ್ಲ ಮೂರು ತಿಂಗಳು ಬೇರೆಯವರ ಪಾಲಿಗೆ ಇರಲಿ. ಮಗ ಮುದ್ದೆ ತಿರುವಿದರೆ ಮುದ್ದೆ ಗಂಟಾಗಬಹುದು, ಅಷ್ಟೇ.

ಹಾಗಾದರೆ ಏನು ಮಾಡಬಹುದು? ಮೊದಲ ವಾರಗಳಲ್ಲಿ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸಿ, ಅಕ್ಕಿ ಆರಿಸಿ, ಒಣಗಿದ ಬಟ್ಟೆ ಮಡಿಸಿ. ನಾಲ್ಕು ವಾರದ ಸುಮಾರಿಗೆ ಚಿಕ್ಕ ಪಾತ್ರೆಯಲ್ಲಿ ಸಾರು, ಪಲ್ಯ ಮಾಡಬಹುದು. ಗುಡಿಸಿ ಸಾರಿಸುವುದು ಎರಡು ತಿಂಗಳ ಮೇಲೆ. ಕಳೆ ಕೀಳುವುದು, ನಾಟಿ, ಹೊರೆ ಹೊರುವ ಕೆಲಸಕ್ಕೆ ಮೂರು ತಿಂಗಳ ಚೆಕಪ್ ಆಗಿ, ಡಾಕ್ಟರು ಹೂಂ ಅಂದ ಮೇಲೆ ಹೋಗಿ. ಒಂದೇ ದಿನ ಇಡೀ ಹೊತ್ತು ಬೇಡ. ಮೊದಲು ಅರ್ಧ ದಿನ. ಗಂಡ ಹೆಂಡಿರು ಕೂಡುವ ವಿಷಯವನ್ನೂ ಜನ ಕೇಳಲು ನಾಚುತ್ತಾರೆ. ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವಷ್ಟು ಬಲ ಬಂದ ಮೇಲೆ ತೊಂದರೆಯಿಲ್ಲ. ಎದೆಯ ಮೇಲೆ ಭಾರ ಬೀಳಬಾರದು. ಮನಸ್ಸಿಲ್ಲದಿದ್ದರೆ ಬೇಡ ಅನ್ನುವ ಹಕ್ಕು ಆಗಲೂ ಇದೆ.

ಆಪರೇಷನ್ ಆದವರು ಕಾರಣವಿಲ್ಲದೆ ಅಳುವುದುಂಟು. ರಾತ್ರಿ ನಿದ್ದೆ ಬರುವುದಿಲ್ಲ, ಊಟ ರುಚಿಸುವುದಿಲ್ಲ. ಇದಕ್ಕೆ ದೆವ್ವ ಗಾಳಿ ಕಾರಣವಲ್ಲ. ಬಹಳ ಜನರಿಗೆ ಹೀಗಾಗುತ್ತದೆ, ಕೆಲವು ವಾರಕ್ಕೆ ಕಡಿಮೆಯಾಗುತ್ತದೆ. ಆಗದಿದ್ದರೆ ಡಾಕ್ಟರಿಗೆ ತಿಳಿಸಿ. "ಇಷ್ಟು ದುಡ್ಡು ಸುರಿದೆವು, ಇನ್ನೂ ಅಳ್ತೀಯಲ್ಲ" ಎಂದು ಯಾರೂ ಅನ್ನಬಾರದು.

ಯಾವಾಗ ಓಡಬೇಕು?

ಗಾಯದಿಂದ ಕೀವು ಬಂದರೆ, ಜ್ವರ ಬಂದರೆ, ಉಸಿರೆಳೆದಾಗ ಎದೆ ಮೂಳೆ ಕಟ್ ಕಟ್ ಅಂದರೆ, ಮೀನಖಂಡ ಊದಿ ನೋಯುತ್ತಿದ್ದರೆ, ಎರಡು ಮೂರು ದಿನದಲ್ಲಿ ತೂಕ 2 ಕಿಲೋ ಏರಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಹಿಂಡಿದಂಥ ನೋವು, ಮಲಗಿದರೂ ಏದುಸಿರು, ತಲೆ ತಿರುಗಿ ಬೀಳುವುದು, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು ಕಂಡರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಲೋಹದ ವಾಲ್ವು ಹಾಕಿಸಿಕೊಂಡವರಿಗೆ ರಾತ್ರಿಯ ನಿಶ್ಶಬ್ದದಲ್ಲಿ ಎದೆಯೊಳಗೆ ಟಿಕ್ ಟಿಕ್ ಸದ್ದು ಕೇಳುತ್ತದೆ. ಹೆದರಬೇಡಿ, ಅದು ವಾಲ್ವು ಕೆಲಸ ಮಾಡುವ ಸದ್ದು. ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. "ಈಗ ಚೆನ್ನಾಗಿದ್ದೀನಲ್ಲ" ಎಂದು ಬಿಟ್ಟರೆ ವಾಲ್ವಿನಲ್ಲಿ ಹೆಪ್ಪು ಕಟ್ಟಿ ಪ್ರಾಣ ಹೋಗಬಹುದು. ಹೆಚ್ಚು ನುಂಗಿದರೆ ರಕ್ತಸ್ರಾವ. ಅದಕ್ಕೇ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆಯನ್ನು ಹೇಳಿದ ದಿನವೇ ಮಾಡಿಸಬೇಕು. ಮುಟ್ಟಿನಲ್ಲಿ ರಕ್ತ ಬಹಳ ಹೋದರೆ, ಒಸಡಿನಲ್ಲಿ ರಕ್ತ ಬಂದರೆ ತಿಳಿಸಿ. ಹಲ್ಲು ಕೀಳಿಸುವ ಮೊದಲೂ ಹೇಳಿ. ಮಗು ಬೇಕು ಅನ್ನುವ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಡಾಕ್ಟರನ್ನು ಕೇಳಬೇಕು, ಏಕೆಂದರೆ ಈ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಮಾಡಬಹುದು. ತಾವಾಗಿ ಮಾತ್ರೆ ನಿಲ್ಲಿಸುವುದೂ ಅಷ್ಟೇ ಅಪಾಯ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಇರಲಿ. ಬೀಡಿ, ಹೊಗೆಸೊಪ್ಪು, ಕಡ್ಡಿಪುಡಿ ಪೂರ್ತಿ ನಿಲ್ಲಬೇಕು.

ಚೆಕಪ್ಪಿಗೆ ಹೋಗುವಾಗ ಸ್ಕೂಟರಿನ ಹಿಂದೆ ಕೂರಬೇಡಿ, ಟ್ರ್ಯಾಕ್ಟರು ಬೇಡವೇ ಬೇಡ. ಕುಲುಕಾಟಕ್ಕೆ ಎದೆ ತಡೆಯದು. ಬಸ್ಸಿನಲ್ಲಿ ಮುಂದಿನ ಸೀಟು ಕೇಳಿ ಕೂತುಕೊಳ್ಳಿ. ದಿಂಬು ಮಡಿಲಲ್ಲಿರಲಿ, ಡ್ರೈವರು ಬ್ರೇಕು ಹಾಕಿದಾಗ ಎದೆಗೆ ಅಪ್ಪಿಕೊಳ್ಳಲು ಬೇಕು. 2023ರ ಜೂನ್ ತಿಂಗಳಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಹಾಗಾಗಿ ದುಡ್ಡಿಲ್ಲ ಅಂತ ಚೆಕಪ್ ತಪ್ಪಿಸಬೇಡಿ. ಚೀಲದಲ್ಲಿ ಡಿಸ್ಚಾರ್ಜ್ ಚೀಟಿ, ನುಂಗುವ ಮಾತ್ರೆಗಳ ಖಾಲಿ ಪಟ್ಟಿ, ನಾಡಿ ಬರೆದ ನೋಟು ಪುಸ್ತಕ ಇಟ್ಟುಕೊಳ್ಳಿ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳಿ. ಡಾಕ್ಟರ ಮುಂದೆ ಕೂತಾಗ ಎಲ್ಲ ಮರೆತುಹೋಗುತ್ತದೆ.